ಬ್ರಿಟಿಷ್ ಕವಯಿತ್ರಿಯ ಅರ್ಧ ಸಾಲುಗಳು

ಕವಿತೆ ನಂಬಿಕೊಂಡವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅದೇ ವಿಳಾಸ ಕೇಳಿಕೊಂಡು ವೆಸ್ಟ್ ಮಾಂಬಲಂನ ನಮ್ಮ ಮನೆಗೆ ಬರುತ್ತದೆ. ನಾನು ಚೆನ್ನೈನ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಈಗಲೂ ಬರೆಯುತ್ತಿರುವ ಒಬ್ಬ ಬ್ರಿಟಿಷ್ ಕವಯಿತ್ರಿಯನ್ನು ಆರು ವರ್ಷದಿಂದ ಕನ್ನಡಕ್ಕೆ ತರುತ್ತಿದ್ದೇನೆ. ಎಂಟು-ಹತ್ತು ಸಾಲಿನ ಭಾವಗೀತೆಗಳು. ತೀರಿಕೊಂಡ ತಾಯಿ, ತೊಳೆಯದೆ ಉಳಿದ ಟೀ ಕಪ್. ದುಃಖ ಗಂಟಲಿಗೆ ಬಂದಕೂಡಲೇ ಆಕೆ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ, ಉಳಿದ ಪುಟ ಖಾಲಿ ಬಿಡುತ್ತಾಳೆ. ನನ್ನಮ್ಮ ತೀರಿಕೊಂಡ ವರ್ಷ ಮೊದಲು ಓದಿದೆ, ಬಿಡಲಾಗಲಿಲ್ಲ.

ಕ್ಲಾಸಿನಲ್ಲಿ

ಸತ್ತ ತಾಯಿಯ ಸ್ವೆಟರನ್ನು ಮಗಳು ಮಡಚುವ ಕವಿತೆ ಓದಿದೆ. ಕೊನೆಯ ಅರ್ಧ ಸಾಲಿಗೆ ನನ್ನ ಕಣ್ಣು ತುಂಬಿತು. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. ಒಬ್ಬಳಿಗಾದರೂ ತಟ್ಟಿತಲ್ಲ ಅಂದುಕೊಂಡೆ.

"ಸಾರ್, ಪ್ರಿಂಟೌಟ್‌ನಲ್ಲಿ ಕೊನೇ ಲೈನ್ ಕಟ್ ಆಗಿದೆ."

"ಇಲ್ಲಮ್ಮ, ಅದು ಶೈಲಿ. ಹೇಳಲಾಗದ್ದನ್ನು ಹೇಳದೆ ಬಿಡ್ತಾಳೆ."

"ಹಾಗಾದ್ರೆ ಪರೀಕ್ಷೇಲಿ ಗೊತ್ತಿಲ್ಲದ್ದನ್ನು ನಾವೂ ಬರೀದೆ ಬಿಟ್ರೆ, ಶೈಲಿ ಅಂತ ಮಾರ್ಕ್ಸ್ ಕೊಡ್ತೀರಾ ಸಾರ್?"

ಅಚ್ಚಿನಲ್ಲಿ

ಎಗ್ಮೋರಿನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಹಿರಿಯರೊಬ್ಬರು ಇಲ್ಲಿನ ಕನ್ನಡಿಗರ ವಾರ್ಷಿಕ ಸಂಚಿಕೆಗೆ ಸಂಪಾದಕರು. ಒಂದು ಅನುವಾದ ಕೊಟ್ಟೆ. ಅದರ ಕೊನೆಯ ಸಾಲು, 'ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ಈಗ'. ಅಷ್ಟೇ. ಅಚ್ಚಾಗಿ ಬಂದಾಗ, ಖಾಲಿ ಇರಬೇಕಾದಲ್ಲಿ ವೆಟ್ ಗ್ರೈಂಡರಿನ ಜಾಹೀರಾತು: 'ಇನ್ನು ರುಬ್ಬುವ ಚಿಂತೆ ಇಲ್ಲ!'

ಫೋನಿನಲ್ಲಿ ಕೂಗಾಡಿದೆ.

"ಅರ್ಧ ಪುಟ ಖಾಲಿ ಇತ್ತಲ್ಲ ಮಾರಾಯ್ರೆ," ಅಂದರು. "ಆದ್ರೆ ಅರ್ಥ ಸರೀ ಕೂತಿದೆ. ನಮ್ಮ ಮನೆಯವಳು ಓದಿ ಅತ್ತಳು. ಅವಳ ಅಮ್ಮ ರುಬ್ಬಿ ರುಬ್ಬಿಯೇ ಸತ್ತದ್ದು."

ವೇದಿಕೆಯಲ್ಲಿ

ಕಳೆದ ವರ್ಷ ಕವಯಿತ್ರಿಯೇ ಚೆನ್ನೈಗೆ ಬಂದಳು. ಆಕೆ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಓದುವುದು. ಆಕೆ ಎರಡು ಪುಟ ಬರೆದಿರುವ ಒಂದೇ ಒಂದು ಕವಿತೆಯನ್ನು ಆರಿಸಿಕೊಂಡಿದ್ದೆ. ಮೊದಲ ಹಾಳೆ ಮುಗಿಸಿ ತಿರುವಿದರೆ ಎರಡನೆಯದೇ ಇಲ್ಲ! ಜೇಬು ತಡಕಿದೆ, ಚೀಲ ತಡಕಿದೆ. ವರ್ಷಗಟ್ಟಲೆ ತಿದ್ದಿದ ಸಾಲು ಒಂದೂ ಬಾಯಿಗೆ ಬರಲಿಲ್ಲ. ಮೈಕಿನ ಮುಂದೆ ಬೆವರುತ್ತ ನಿಂತೆ.

ಆಕೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. "ಆ ಮೌನ! ನನ್ನ ಕವಿತೆಯನ್ನು ಇಷ್ಟು ಚೆನ್ನಾಗಿ ಯಾರೂ ಅರ್ಥಮಾಡಿಕೊಂಡಿರಲಿಲ್ಲ." ಸಭೆ ಚಪ್ಪಾಳೆ ತಟ್ಟಿತು.

ಮನೆಯಲ್ಲಿ ಹೆಂಡತಿ, "ಏನಂದ್ರು ಅವ್ರು?" ಅಂದಳು. ನಾನು ಬಾಯಿ ತೆರೆಯುವ ಮೊದಲೇ, ಜೊತೆಗೆ ಬಂದಿದ್ದ ಮಗಳು ಎಂದಿನಂತೆ ತಮಿಳಿನಲ್ಲಿ ವರದಿ ಒಪ್ಪಿಸಿದಳು: ಅಪ್ಪ ಓದುವುದನ್ನು ನಿಲ್ಲಿಸಿದ ಮೇಲೆ ಅವರಿಗೆ ತುಂಬಾ ಇಷ್ಟವಾಯಿತಂತೆ.