ಬಾಂದ್ರಾದಲ್ಲಿ ಖಾಲಿಯಾಗುವ ಸೀಟು

ಜನರನ್ನು ಅವರ ಪಾಡಿಗೆ ಬಿಟ್ಟರೆ ಸರ್ಕಾರಕ್ಕಿಂತ ಚೆನ್ನಾಗಿ ತಮ್ಮ ವ್ಯವಹಾರ ನೋಡಿಕೊಳ್ಳುತ್ತಾರೆ ಎಂದು ನಂಬಿದವಳು ನಾನು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಪರೇಲಿನ ಕಚೇರಿಯೊಂದರಲ್ಲಿ ಇದೇ ಮಾತನ್ನು ಬೇರೆ ಬೇರೆ ವಾಕ್ಯಗಳಲ್ಲಿ ಬರೆದು ಸಂಬಳ ಪಡೆಯುತ್ತೇನೆ. ಧಾರವಾಡ ಬಿಟ್ಟು ಜೋಗೇಶ್ವರಿಗೆ ಬಂದು ನೆಲೆಸಿದ ನಮ್ಮವ್ವನಿಗೆ ಈ ಸಿದ್ಧಾಂತದ ಮೇಲೆ ಅಷ್ಟು ಗೌರವವಿಲ್ಲ. "ಮಾರ್ಕೆಟ್ಟು ಮಾರ್ಕೆಟ್ಟು ಅಂತೀ, ಒಂದ್ ದಿನಾರೆ ಹುಳಾ ಇಲ್ಲದ ಬದನಿಕಾಯಿ ಆರಿಸ್ಕೊಂಡ್ ಬಂದೀಯೇನ?" ಎನ್ನುತ್ತಾಳೆ. ಬದನೆಕಾಯಿ ಬೇರೆ, ತತ್ವ ಬೇರೆ ಎಂಬುದು ನನ್ನ ವಾದ.

ನನ್ನ ತತ್ವಕ್ಕೆ ದಿನವೂ ಪುರಾವೆ ಒದಗಿಸುವುದು ಲೋಕಲ್ ರೈಲಿನ ಲೇಡೀಸ್ ಡಬ್ಬಾ. ಹತ್ತಿದವಳು ಮೊದಲು ಮಾಡುವ ಕೆಲಸವೆಂದರೆ ಕೂತವರನ್ನು "ಕಹಾಂ ಉತರೋಗೆ?" ಎಂದು ಕೇಳುವುದು. "ಬಾಂದ್ರಾ" ಎಂಬ ಉತ್ತರ ಬಂದರೆ ಬಾಂದ್ರಾದಿಂದ ಮುಂದಕ್ಕೆ ಆ ಸೀಟು ಕೇಳಿದವಳದು. ಚೀಟಿಯಿಲ್ಲ, ಪೊಲೀಸರಿಲ್ಲ. ಆದರೂ ಆ ಹಕ್ಕಿಗೆ ಯಾರೂ ಕೈಹಚ್ಚುವುದಿಲ್ಲ. ಊರಲ್ಲಿ ನಮ್ಮ ಅಜ್ಜನ ಹೊಲಕ್ಕೂ ಇಷ್ಟು ಭದ್ರತೆ ಇರಲಿಲ್ಲ. ತೊಂದರೆ ಒಂದೇ: ಅಪರಿಚಿತರನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳುವುದು ಅವರ ಕಪಾಟು ತೆರೆದು ನೋಡಿದಷ್ಟೇ ಅಸಭ್ಯ ಎಂದು ನನಗನ್ನಿಸುತ್ತದೆ. ಹೀಗಾಗಿ ಇಂಥ ಸೊಗಸಾದ ಮಾರುಕಟ್ಟೆಯಲ್ಲಿ ನಾನು ಬರೀ ಪ್ರೇಕ್ಷಕಿಯಾಗಿದ್ದೆ.

ಕಳೆದ ಮಳೆಗಾಲದಲ್ಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿತು. ಸರ್ಕಾರಿ ಹಂಚಿಕೆಯ ವಿರುದ್ಧ ಒಂದು ದೊಡ್ಡ ಲೇಖನ ಮುಗಿಸಬೇಕಿದ್ದ ವಾರವದು, ರಜೆ ಹಾಕುವಂತಿರಲಿಲ್ಲ. ಸಂಕೋಚ ನುಂಗಿ ಒಬ್ಬಳನ್ನು ಕೇಳಿದೆ. "ಬಾಂದ್ರಾ. ಲೇಕಿನ್ ದಿಯಾ ಹೈ" ಎಂದಳು. ಪಕ್ಕದವಳೂ ಬಾಂದ್ರಾ, ಅವಳದೂ ಕೊಟ್ಟಾಗಿತ್ತು. ಮೂರನೆಯವಳು ಗುಟ್ಟು ಬಿಚ್ಚಿದಳು: "ಯೇ ಪೂರಾ ಗ್ರೂಪ್ ಕಾ ಹೈ." ದಿನಾ ಅದೇ ಗಾಡಿಗೆ ಬರುವ ಹೆಂಗಸರು ಸೀಟುಗಳನ್ನು ತಮ್ಮತಮ್ಮಲ್ಲೇ ದಾಟಿಸಿಕೊಳ್ಳುತ್ತಿದ್ದರು. ಇದು ಶುದ್ಧ ಏಕಸ್ವಾಮ್ಯ! ಸರ್ಕಾರ ಯಾವುದರಲ್ಲೂ ತಲೆಹಾಕಬಾರದು ಎನ್ನುವ ನಾನು, ವಿಲೇಪಾರ್ಲೆ ದಾಟುವಷ್ಟರಲ್ಲಿ ರೈಲ್ವೆಗೆ ಕೊಡುವ ದೂರಿನ ಮೊದಲ ಎರಡು ಪ್ಯಾರಾ ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ.

ಅಷ್ಟರಲ್ಲಿ ಅವ್ವನ ಫೋನು. "ಕಾಲು ಸಿಡ್ಯಾಕತ್ತೈತಿ ಅವ್ವಾ. ಇಲ್ಲೊಂದು ಗ್ಯಾಂಗ್ ಐತಿ, ಸೀಟ್ ಬಿಡವಲ್ರು" ಎಂದೆ, ಕನ್ನಡ ಯಾರಿಗೆ ತಿಳಿದೀತು ಎಂಬ ಧೈರ್ಯದಿಂದ.

ಕಿಟಕಿಯ ಬಳಿ ಕೂತಿದ್ದ ದಪ್ಪ ಹೆಂಗಸು ತಿರುಗಿದರು. "ಯಾರವಾ ಗ್ಯಾಂಗು? ನಾವಾ?"

ಗ್ರಾಂಟ್ ರೋಡಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ, ವಿಜಯಪುರ ಕಡೆಯ ಶಾಂತಕ್ಕ ಅವರು, ಗ್ರೂಪಿನ ಯಜಮಾನಿ. ನನಗೆ ಅಲ್ಲೇ ಹಾರಿಕೊಳ್ಳೋಣ ಎನ್ನಿಸಿತು, ಕಾಲು ಸರಿಯಿರಲಿಲ್ಲ.

"ಕಾಲ್ ನೋಯಾಕತ್ತಿದ್ರ ಬಾಯಿ ತಗದ ಹೇಳಬೇಕಿಲ್ಲ? ನಮಗೇನ ಕನಸ ಬೀಳತೈತೇನ?" ಎಂದು ಬೈದು, ಎದುರಿನವಳಿಗೆ ಅಪ್ಪಣೆ ಕೊಟ್ಟರು: "ಏ ರೇಖಾ, ಬಾಂದ್ರಾ ವಾಲೀ ಸೀಟ್ ಇಸ್ಕೋ ದೇ. ಹಮಾರೇ ಗಾಂವ್ ಕೀ ಲಡ್ಕೀ ಹೈ." ನಾನು ಅವರ ಊರಿನ ಹುಡುಗಿಯಂತೆ, ಸೀಟು ನನಗೇ ಕೊಡಬೇಕಂತೆ. ಧಾರವಾಡಕ್ಕೂ ವಿಜಯಪುರಕ್ಕೂ ಇರುವ ದೂರವನ್ನು ನಾನು ಸಾಮಾನ್ಯವಾಗಿ ನೆನಪಿಸಿ ತಿದ್ದುತ್ತೇನೆ. ಅಂದು ತಿದ್ದಲಿಲ್ಲ.

ಮರುದಿನದಿಂದ ನಾನೂ ಗ್ರೂಪು. ಒಳಗಿನಿಂದ ನೋಡಿದರೆ ಆಘಾತ. ಅಲ್ಲಿ ಮಾರುಕಟ್ಟೆಯ ಸುಳಿವೇ ಇರಲಿಲ್ಲ. ಬಸುರಿ ಮೊದಲು, ಮಂಡಿನೋವು ಆಮೇಲೆ, ಗಟ್ಟಿಮುಟ್ಟಾದವರು ಅರ್ಧ ದಾರಿ ನಿಂತು ಅರ್ಧ ದಾರಿ ಕೂರಬೇಕು. ಯಾರಿಗೆ ಎಷ್ಟು ಬೇಕೆಂದು ಶಾಂತಕ್ಕ ತೀರ್ಮಾನಿಸುತ್ತಿದ್ದರು, ಮೇಲ್ಮನವಿ ಇಲ್ಲ. ನಾನು ಓದಿದ ಪುಸ್ತಕಗಳ ಪ್ರಕಾರ ಇಂಥ ವ್ಯವಸ್ಥೆ ಬಾಂದ್ರಾಕ್ಕೂ ಮೊದಲು, ಖಾರ್ ಸ್ಟೇಷನ್ ಬರುವುದರೊಳಗೇ ಕುಸಿದು ಬೀಳಬೇಕು. ಆದರೆ ಇದು ಸ್ವಇಚ್ಛೆಯ ಕೂಟ, ಬೇಡವೆಂದವಳು ಮುಂದಿನ ಡಬ್ಬಾಕ್ಕೆ ಹೋಗಬಹುದು. ಸರ್ಕಾರದಲ್ಲಿ ಆ ಅನುಕೂಲವಿಲ್ಲ. ಈ ವ್ಯತ್ಯಾಸವನ್ನು ನಾನು ಇಂದಿಗೂ ದೃಢವಾಗಿ ನಂಬುತ್ತೇನೆ.

ಅಗತ್ಯ ನೋಡಿ ಹಂಚುವುದು ಯಾಕೆ ಎಂದಿಗೂ ಕೆಲಸ ಮಾಡದು ಎಂಬ ಆ ಲೇಖನವನ್ನು, ಶಾಂತಕ್ಕ ಹಂಚಿದ ಸೀಟಿನಲ್ಲಿ ಕೂತೇ ಬರೆದು ಮುಗಿಸಿದೆ. ಕಚೇರಿಯಲ್ಲಿ ಚೆನ್ನಾಗಿ ಬಂದಿದೆ ಎಂದರು. ಕಾಲಿಗೆ ವಿಶ್ರಾಂತಿ ಸಿಕ್ಕರೆ ವಾದಕ್ಕೆ ಒಂದು ಗಟ್ಟಿತನ ತಾನಾಗಿಯೇ ಬರುತ್ತದೆ.