ಹತ್ತಕ್ಕೆ ಹೊರಟು ಹನ್ನೊಂದಕ್ಕೆ ಇಳಿದ ಭಾವ

ಗಡಿಯಾರ ರಿಪೇರಿಯವನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ತಡರಾಯನೆಂದು. ಊರವರ ಗಡಿಯಾರಗಳನ್ನೆಲ್ಲ ಸರಿಮಾಡುವ ಈ ಪುಣ್ಯಾತ್ಮ ತನ್ನ ಮದುವೆಗೇ ತಡವಾಗಿ ಹೋದವನು. ಕಳೆದ ಸಲ ಹೆಂಡತಿಯ ಅಣ್ಣ ಪರದೇಶದಿಂದ ಬಂದಾಗ ಇವನಿಗಾಗಿ ವಿಮಾನ ನಿಲ್ದಾಣದಲ್ಲಿ ಎರಡು ಗಂಟೆ ಪೆಟ್ಟಿಗೆಯ ಮೇಲೆ ಕೂತು ಕಾದು, ರೇಗಿ ಹೋಟೆಲಿಗೆ ಹೋಗಿದ್ದ. ಆಮೇಲೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ. ಅದೇ ಭಾವ ಇವತ್ತು ಮತ್ತೆ ಬರುತ್ತಿದ್ದ.

"ಈ ಸಲವೂ ತಡ ಮಾಡಿದ್ರೆ ನನಗೆ ತವರು ಅನ್ನೋದು ಮುಗೀತು," ಎಂದಳು ಹೆಂಡತಿ. ದನಿ ಏರಿಸಲಿಲ್ಲ. ಅವನಿಗೆ ಹೆದರಿಕೆಯಾದದ್ದು ಅದಕ್ಕೇ.

ಭಾವನ ಸಂದೇಶ ಚಿಕ್ಕದು: ಬೆಳಗ್ಗೆ ಹತ್ತಕ್ಕೆ ಹೊರಟು, ಅದೇ ಬೆಳಗ್ಗೆ ಹನ್ನೊಂದಕ್ಕೆ ಇಳಿಯುತ್ತೇನೆ. ಇದನ್ನು ಗೇಟಿನ ಬಳಿ ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಪಕ್ಕದ ಮನೆಯ ನಿವೃತ್ತ ಭೂಗೋಳದ ಮೇಷ್ಟ್ರು ಬೇಲಿಯಾಚೆಯಿಂದ ಮೂಗು ತೂರಿಸಿದರು.

"ಸಮುದ್ರದಾಚೆಯಿಂದ ಒಂದೇ ಗಂಟೇಲಾ? ಇಲ್ಲಿಂದ ಮಾರ್ಕೆಟ್ಟಿಗೆ ಬಸ್ಸೇ ಅಷ್ಟು ಹೊತ್ತು ತಗೊಳುತ್ತಲ್ಲಯ್ಯಾ."

ಒಳಗಿನಿಂದ ಗೋಳ ಬಂತು, ದಾರ ಬಂತು. ಮೇಷ್ಟ್ರು ಎರಡು ನಿಲ್ದಾಣಗಳ ನಡುವೆ ದಾರ ಎಳೆದು, ಸ್ಕೇಲಿಟ್ಟು ಅಳೆದರು.

"ಎರಡೂವರೆ ಸಾವಿರ ಕಿಲೋಮೀಟರು. ಮೂರೂವರೆ ಗಂಟೆ ಹಾರಬೇಕು. ಹತ್ತಕ್ಕೆ ಹೊರಟೋನು ಇಳಿಯೋದು ಮಧ್ಯಾಹ್ನ ಒಂದೂವರೆಗೆ, ತಪಾಸಣೆ ಮುಗಿಸಿ ಆಚೆ ಬರೋದು ಸಂಜೆಗೆ. ಸುಮ್ನೆ ಮನೇಲಿರು."

ಎದುರುಮನೆಯ ವಕೀಲಮ್ಮ ಗೇಟಿಗೆ ಬಂದರು. "ಹತ್ತು ಅಲ್ಲಿಯ ಗಡಿಯಾರದ್ದು, ಹನ್ನೊಂದು ನಮ್ಮದು. ಭೂಮಿ ತಿರುಗುತ್ತೆ ಅಂತ ನೀವೇ ಅಲ್ವಾ ಮೇಷ್ಟ್ರೇ ನನಗೆ ಕಲಿಸಿದ್ದು?"

"ಭೂಮಿ ತಿರುಗುತ್ತೆ ಅಂತ ಕಲಿಸಿದೆ. ವಿಮಾನ ಅದಕ್ಕೆ ಕಾಯುತ್ತೆ ಅಂತ ಕಲಿಸಲಿಲ್ಲ."

ಇಬ್ಬರೂ ವಾದಕ್ಕೆ ಬಿದ್ದರು. ತಡರಾಯನಿಗೆ ತಲೆಗೆ ಹುಳ ಬಿಟ್ಟಂತಾಯಿತು. ಎಷ್ಟು ಗಂಟೆ ಹಾರಿದರೆ ನನಗೇನು, ಇಳಿಯುವುದು ಹನ್ನೊಂದಕ್ಕೆ ತಾನೆ ಎಂದುಕೊಂಡು ಅವರಿಬ್ಬರ ನಡುವೆ ನುಸುಳಿ ಆಟೋ ಹತ್ತಿದ.

ಹನ್ನೊಂದಕ್ಕೆ ಇನ್ನೂ ಹೊತ್ತಿರುವಾಗಲೇ ನಿಲ್ದಾಣ ಮುಟ್ಟಿದ. ವಿಮಾನವೂ ವೇಳೆಗೆ ಸರಿಯಾಗಿ ಇಳಿಯಿತು. ತಡರಾಯ ಎದೆ ಉಬ್ಬಿಸಿಕೊಂಡು ಕಂಬಿಗೆ ಒರಗಿ ನಿಂತ. ಜನ ಬಂದರು, ಗಾಡಿ ತಳ್ಳಿಕೊಂಡು ಹೋದರು. ಭಾವ ಮಾತ್ರ ಬರಲಿಲ್ಲ. ಹನ್ನೆರಡೂವರೆಗೆ ಕೊನೆಯ ಅಜ್ಜಿಯೂ ಹೊರಟುಹೋದಳು. ಭಾವನ ಫೋನು ಆಫ್ ಆಗಿತ್ತು. ಇಳಿದದ್ದು ಭಾವನ ವಿಮಾನವೇ ಅಲ್ಲವೇನೋ ಎಂಬ ಅನುಮಾನ ಬಂದು ಮೇಷ್ಟ್ರಿಗೆ ಫೋನು ಮಾಡಿದ.

"ನಾನು ಬಡ್ಕೊಂಡೆ, ನೀನು ಕೇಳ್ಲಿಲ್ಲ," ಎಂದರು ಮೇಷ್ಟ್ರು ಬಲು ಸಂತೋಷದಿಂದ. "ವಾಪಸ್ ಬಾ, ಸಂಜೆ ಹೋಗುವೆಯಂತೆ."

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು.

"ಅಣ್ಣ ಹೋಟೆಲಿಗೆ ಹೋದ."

"ಯಾವಾಗ ಬಂದ?"

"ಹನ್ನೊಂದಕ್ಕೇ. ನೀವು ಹೇಗೂ ಎರಡು ಗಂಟೆ ತಡ ಅಂತ ಒಳಗೇ ಮುಖ ತೊಳೆದು, ಊಟ ಮಾಡಿ, ಕುರ್ಚೀಲಿ ಒಂದು ನಿದ್ದೆ ತೆಗೆದು, ಒಂದು ಗಂಟೆಗೆ ಆಚೆ ಬಂದನಂತೆ. ನೋಡಿದ್ರೆ ನೀವಿಲ್ಲ."

ತಡರಾಯ ಇಂಗು ತಿಂದ ಮಂಗನಂತೆ ನಿಂತ. "ನಾನು ಹನ್ನೊಂದಕ್ಕೆ ಮುಂಚೇನೇ ಅಲ್ಲಿದ್ದೆ ಕಣೇ. ಮೇಷ್ಟ್ರನ್ನ ಕೇಳು, ವಕೀಲಮ್ಮನ್ನ ಕೇಳು."

"ಗೊತ್ತು. ವಕೀಲಮ್ಮ ಹೇಳಿದ್ರು. ಮದುವೆಯಾದಾಗಿನಿಂದ ಮೊದಲ ಸಲ ನಿಮ್ಮ ಪರವಾಗಿ ಅಣ್ಣನ ಹತ್ರ ಜಗಳ ಆಡಿದೆ."

"ಏನಂದ?"

"ಇಷ್ಟು ದಿನ ತಡ ಮಾಡ್ತಿದ್ದ, ಈಗ ಸುಳ್ಳು ಹೇಳೋದನ್ನೂ ಕಲಿತನಾ ಅಂದ."