ಕಂಸದೊಳಗಿನ ಮಾತು

ಬೆಳಗಿನ ಪಾಳಿಗೆ ಬಂದ ಮಾಲತೇಶ ಮಷೀನು ಚಾಲೂ ಮಾಡಿದಾಗ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗುರುತು ಮಿಣುಕುತ್ತಿತ್ತು. ಅದನ್ನು ಕಂಡೂ ಕಾಣದಂತೆ ಇದ್ದಿದ್ದರೆ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ಹಿಂದೆಯೇ ಸೂಪರ್‌ವೈಸರ್ ಗುರುಶಿದ್ದಪ್ಪ ನಿಂತಿದ್ದರು.

“ಏನದು, ಕಣ್ಣ ಹೊಡ್ಯಾಕತ್ತೈತಿ?”

“ಸೆಲ್ಲು ಮುಗೀಲಿಕ್ಕೆ ಬಂದೈತ್ರಿ. ಅದು ಸತ್ತರ ಮಷೀನಿನ ನೆನಪು ಅಳಿಸಿ ಹೋಗತೈತಿ. ಪ್ರೋಗ್ರಾಮು ಒಂದೂ ಉಳಿಯೂದಿಲ್ಲ.”

ಹೇಳಿದ ಮೇಲೆ ಮಾಲತೇಶ ನಾಲಿಗೆ ಕಚ್ಚಿಕೊಂಡ. ಗುರುಶಿದ್ದಪ್ಪ ಆಗಲೇ ಮಾಲೀಕರ ಕೋಣೆಯತ್ತ ಹೊರಟಿದ್ದರು. ಊಟದ ಗಂಟೆಗೂ ಅವಸರ ಮಾಡದ ಆ ಮನುಷ್ಯ ಕೆಟ್ಟ ಸುದ್ದಿ ಮುಟ್ಟಿಸಲು ಮಾತ್ರ ರಾಜಧಾನಿ ರೈಲಿನಂತೆ ಓಡುತ್ತಿದ್ದರು.

ಅದು ೨೦೦೨ನೇ ಇಸವಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕುಬೇರಪ್ಪನವರ ಕಾರ್ಖಾನೆಯಲ್ಲಿ ತಾನಾಗಿ ಲೋಹ ಕೊರೆಯುವ ಸಿಎನ್‌ಸಿ ಮಷೀನು ಇದ್ದದ್ದು ಅದೊಂದೇ. ಎಲ್ಲಿ ಕೊರೆಯಬೇಕು, ಎಷ್ಟು ಆಳ ಹೋಗಬೇಕು ಎಂದು ಸಾಲು ಸಾಲಾಗಿ ಹೇಳುವ ನಲವತ್ತೆರಡು ಪ್ರೋಗ್ರಾಮುಗಳು ಅದರ ಹೊಟ್ಟೆಯಲ್ಲಿದ್ದವು. ಎಲ್ಲವನ್ನೂ ಕೈಯಾರೆ ಕುಟ್ಟಿ ಕೂರಿಸಿದವನು ಮಾಲತೇಶ.

ಕುಬೇರಪ್ಪನವರು ತಾವೇ ಬಂದು ನಿಂತರು. “ಸೆಲ್ಲು ಬದಲಿ ಮಾಡೂಕಿಂತ ಮುಂಚೆ ಎಲ್ಲಾ ಪ್ರೋಗ್ರಾಮು ಆಫೀಸಿನ ಕಂಪ್ಯೂಟರಿಗೆ ಇಳಸು. ಫ್ಲಾಪಿನ್ಯಾಗ ಒಂದು ಪ್ರತಿ ಇರ್ಲಿ. ಮತ್ತ ಎಲ್ಲಾದರದೂ ಪ್ರಿಂಟು ತಗದು ಸಂಜೀಕ ನನ್ನ ಟೇಬಲ್ ಮ್ಯಾಲೆ ಇಡು.”

ಪ್ರಿಂಟು ಎಂದ ಕೂಡಲೇ ಮಾಲತೇಶ ಪರದೆಗೆ ಅಡ್ಡವಾಗಿ ನಿಂತ.

ಕಾರಣವಿತ್ತು. ಪ್ರೋಗ್ರಾಮಿನಲ್ಲಿ ಕಂಸದೊಳಗೆ ಏನು ಬರೆದರೂ ಮಷೀನು ಓದುವುದಿಲ್ಲ. ಅದು ಮನುಷ್ಯರ ನೆನಪಿಗಾಗಿ ಬಿಟ್ಟ ಜಾಗ. ಮೊದಮೊದಲು ಮಾಲತೇಶ ಅಲ್ಲಿ ‘ಟೂಲು ಬದಲಿಸು’ ಎಂಬಂಥ ಮಾತುಗಳನ್ನೇ ಬರೆಯುತ್ತಿದ್ದ. ತಂಗಿ ಬೀರವ್ವನ ಮದುವೆಗೆ ಎರಡೇ ದಿನ ರಜೆ ಸಿಕ್ಕಿದ್ದೇ ತಡ, ಕಂಸಗಳ ಧಾಟಿ ಬದಲಾಯಿತು. ಇಂಗ್ಲಿಷ್ ಅಕ್ಷರ, ಅಪ್ಪಟ ಹಳೇ ಹುಬ್ಬಳ್ಳಿಯ ಕನ್ನಡ. ‘ಈ ತೂತು ಮಾಲಕನ ಮನಸ್ಸಿನಷ್ಟ ಸಣ್ಣದು.’ ‘ಇಲ್ಲಿಂದ ನಿಧಾನ, ಗುರುಶಿದ್ದಪ್ಪ ಕೆಲಸಕ್ಕ ಬಂದಂಗ.’ ‘ಟೂಲು ಹಿಂದ ಸರೀತೈತಿ, ರಜಾ ಕೇಳಿದಾಗ ಮಾಲಕ ಸರಿದಂಗ.’ ಅಂಗೈಯಗಲದ ಆ ಪರದೆಯನ್ನು ತನ್ನ ಹೊರತು ಯಾರೂ ನೋಡುವುದಿಲ್ಲವೆಂದು ಅವನು ನಂಬಿದ್ದ.

“ಸರ್, ತಿದ್ದೂ ಕೀಲಿ ಕೊಡ್ರಿ,” ಎಂದು ಗುರುಶಿದ್ದಪ್ಪನವರನ್ನು ಕೇಳಿದ. ಆ ಕೀಲಿ ತಿರುಗಿಸದೆ ಪ್ರೋಗ್ರಾಮಿನ ಒಂದಕ್ಷರವೂ ಅಲುಗುತ್ತಿರಲಿಲ್ಲ.

“ಇಂಥಾ ಹೊತ್ತಿನ್ಯಾಗ ಏನ ತಿದ್ದತಿ? ಇದ್ದದ್ದು ಇದ್ದಂಗ ಹೋಗಲಿ,” ಎಂದು ಅವರು ಕಿಸೆಯ ಮೇಲೆ ಕೈ ಇಟ್ಟುಕೊಂಡರು.

ಇನ್ನುಳಿದ ಆಸೆಯೆಂದರೆ ಮಷೀನಿನಿಂದ ಕಂಪ್ಯೂಟರಿಗೆ ಹೋಗುವ ಕೇಬಲ್ಲು ಕೈಕೊಡುವುದು. ಎಲೆಕ್ಟ್ರಿಶಿಯನ್ ಖಾದರಬಾಷಾ ಅದನ್ನು ತಾನೇ ಬೆಸೆದು, ಕಿಟಕಿಯಿಂದ ಆಫೀಸಿನೊಳಗೆ ಎಳೆದು ತಂದ. ಮಾಲತೇಶ ಕಳಿಸುವ ಗುಂಡಿ ಒತ್ತಿದ. ಕಂಪ್ಯೂಟರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದು ಸಾಲುಗಟ್ಟಿದವು.

“ಹಳೇ ಮಷೀನು. ಇಷ್ಟ ಬರೂದು ಇದು,” ಎಂದ ಮಾಲತೇಶ, ಹೊಟ್ಟೆಯೊಳಗಿನ ಸಂತೋಷ ಮುಚ್ಚಿಕೊಂಡು.

ಖಾದರಬಾಷಾನಿಗೆ ಅವಮಾನವಾಯಿತು. “ನನ್ನ ಕೇಬಲ್‌ಗೆ ಹಂಗ ಅನಬ್ಯಾಡೋ. ಮಷೀನು ಲಗೂ ಮಾತಾಡತೈತಿ, ಕಂಪ್ಯೂಟರು ಸಾವಕಾಶ ಕೇಳತೈತಿ. ಇಬ್ಬರದೂ ವೇಗ ಒಂದ ಮಾಡೂಣು, ತಡಿ.”

ವೇಗ ಒಂದಾಯಿತು. ಎಂಟು ದಿನಕ್ಕೊಮ್ಮೆ ಕಮರಿಪೇಟೆಯ ನಲ್ಲಿಗೆ ನೀರು ಬಂದಂತೆ ಅಕ್ಷರಗಳು ಭೋರೆಂದು ಸುರಿದವು, ಕಂಸಗಳ ಸಮೇತ. ಖಾದರಬಾಷಾ ಮೀಸೆ ತಿರುವುತ್ತ ಹೊರಟುಹೋದ.

ಕಂಪ್ಯೂಟರಿನ ಮುಂದೆ ಕೂತಿದ್ದ ಆಫೀಸಿನ ಟೈಪಿಸ್ಟ್ ಗೀತಾಂಜಲಿ ನಾಲ್ಕು ಸಾಲು ಓದಿ, ವೇಲಿನಿಂದ ಬಾಯಿ ಮುಚ್ಚಿಕೊಂಡಳು.

“ಅಕ್ಕಾರ, ನನ್ನ ಅನ್ನಕ್ಕ ಸಂಚಕಾರ ಬರತೈತ್ರಿ,” ಎಂದು ಮಾಲತೇಶ ಮೆಲ್ಲಗೆ ಹೇಳಿದ.

“ಅಂಜಬ್ಯಾಡ್ರಿ. ಕಂಸದಾಗಿಂದಷ್ಟ ಅಳಿಸಿದ್ರ ಆತಿಲ್ಲೋ?”

ಊಟದ ಹೊತ್ತಿಗೆ ಇಬ್ಬರೂ ಬುತ್ತಿ ಬಿಚ್ಚಲಿಲ್ಲ. ಅವಳು ಅಳಿಸುತ್ತ ಹೋದಳು, ಅವನು ಬಾಗಿಲು ಕಾದ. ಎರಡು ಸಲ ಗುರುಶಿದ್ದಪ್ಪ ಇಣುಕಿ “ಏನ ನಗಾಕತ್ತೀಯವಾ?” ಎಂದು ಕೇಳಿದರು. ಅವಳು ಎರಡು ಸಲವೂ ನೆಗಡಿಯೆಂದಳು. ಮೂರು ಗಂಟೆಗೆ ನಲವತ್ತೆರಡೂ ಪ್ರೋಗ್ರಾಮುಗಳು ತೊಳೆದ ತಾಟಿನಂತೆ ಸ್ವಚ್ಛವಾಗಿ ಫ್ಲಾಪಿ ಸೇರಿದವು.

ಮಷೀನಿನೊಳಗಿನ ಮೂಲ ಪ್ರತಿ ಮಾತ್ರ ಬಾಕಿ ಇತ್ತು. ದೇವರು ಕುಬೇರಪ್ಪನವರ ಬಾಯಿಂದಲೇ ನುಡಿಸಿದ. “ಫ್ಲಾಪಿ ಖರೇ ಕೆಲಸ ಮಾಡತೈತೋ ಇಲ್ಲೋ? ಹೊಸ ಸೆಲ್ಲು ಹಾಕಿ, ಹಳೇವು ಅಳಿಸಿ, ಇವನ್ನ ವಾಪಸ್ ತುಂಬಿ ತೋರಸು. ಗುರುಶಿದ್ದಪ್ಪ, ಕೀಲಿ ಕೊಡ್ರಿ.”

ಮಾಲತೇಶ ಅಳಿಸಿದ, ಮತ್ತೆ ತುಂಬಿದ. ಮಷೀನು ತಕರಾರಿಲ್ಲದೆ ಓಡಿತು. ಐದು ವರ್ಷದ ಪಾಪ ಒಂದೇ ಮಧ್ಯಾಹ್ನದಲ್ಲಿ ಕಳೆಯಿತೆಂದು ಅವನು ಹಗುರಾಗಿ ಚಹಾ ಕುಡಿದ.

ಸಂಜೆ ಕುಬೇರಪ್ಪನವರು ಎಲ್ಲರನ್ನೂ ಕೋಣೆಗೆ ಕರೆಸಿದರು. ಚಸ್ಮಾ ಏರಿಸಿ ಪ್ರಿಂಟಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಮುಖ ಬಾಡುತ್ತ ಹೋಯಿತು.

“ಟಿಪ್ಪಣಿ ಎಲ್ಲಿ ಹೋದೂವು?”

ಕುಬೇರಪ್ಪನವರು ಹಾಳೆಗಳನ್ನು ಟೇಬಲ್ ಮೇಲಿಟ್ಟರು.

“ಹೋದ ತಿಂಗಳ ಪುಣೆಯಿಂದ ಗಿರಾಕಿ ಸಾಹೇಬರು ಬಂದಿದ್ರು. ಮಷೀನಿನ ಮುಂದ ನಿಂತು, ಸಾಲಿಗೊಂದು ಟಿಪ್ಪಣಿ ಬರದಾರ, ಇಂಥಾ ಶಿಸ್ತು ನಮ್ಮಲ್ಲೂ ಇಲ್ಲ ಅಂದ್ರು. ಬರದಾವನನ್ನ ಪ್ರೋಗ್ರಾಮಿಂಗ್ ಮುಖ್ಯಸ್ಥನ್ನ ಮಾಡ್ರಿ ಅಂತ ಹೇಳಿ ಹೋದ್ರು. ಅವರಿಗೆ ಕನ್ನಡ ಬರೂದಿಲ್ಲ ಖರೇ, ಶಿಸ್ತು ತಿಳೀತೈತಿ. ನಂಗ ಆ ಸಣ್ಣ ಪರದೆ ಕಾಣೂದಿಲ್ಲ ಅಂತ ಪ್ರಿಂಟು ತಗಸಿದೆ. ಯಾರು ಬರದಿದ್ರಿ?”

ಮಾಲತೇಶ ಒಂದು ಹೆಜ್ಜೆ ಮುಂದೆ ಬಂದ. “ನಾನ ರೀ,” ಎಂದುಬಿಟ್ಟ.

“ಹೌದಾ? ಏನೇನ ಬರದಿದ್ದಿ, ನಾಕು ಹೇಳು ನೋಡೂಣು.”

ಮಾಲತೇಶ ಬಾಯಿ ತೆರೆದ. ಐದು ವರ್ಷದಲ್ಲಿ ಬರೆದದ್ದೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಎದುರಿಗೆ ಕೂತ ಮಾಲೀಕರ ಮುಖವನ್ನು ನೋಡಿ ಬಾಯಿ ಮುಚ್ಚಿದ. ಗೀತಾಂಜಲಿ ಕಿಟಕಿಯ ಹೊರಗೆ ದೃಷ್ಟಿ ಹಾಯಿಸಿದಳು.

“ಅವಂಗೇನ ಗೊತ್ತ್ರಿ ಸಾಹೇಬ್ರ,” ಗುರುಶಿದ್ದಪ್ಪ ಗಂಟಲು ಸರಿಪಡಿಸಿಕೊಂಡರು. “ಅವು ನಾ ಹೇಳಿ ಬರಸಿದ್ದು. ಹುಡುಗರಿಗೆ ದಾರಿ ತಿಳೀಲಿ ಅಂತ. ಹೆಸರಿಗೆ ಆಸೆ ಪಟ್ಟಾವಲ್ಲ ನಾನು. ಇವ ಇವತ್ತ ಗಡಬಿಡ್ಯಾಗ ಅಳಿಸಿ ಕುಂತಾನ.”

ಕುಬೇರಪ್ಪನವರು ಎದ್ದು ಬಂದು ಅವರ ಕೈ ಹಿಡಿದರು. “ಬಾಯಿ ಬಿಟ್ಟು ಹೇಳಬಾರದೇನ್ರಿ ಇಷ್ಟ ದಿನ? ಸೋಮವಾರದಿಂದ ನೀವ ಮುಖ್ಯಸ್ಥರು. ಟಿಪ್ಪಣಿ ಅಷ್ಟೂ ಮತ್ತೊಮ್ಮೆ ಆಗಬೇಕು, ಪುಣೆಗೆ ಕಳಸೂದೈತಿ.”

ಹೊರಗೆ ಬಂದ ಮೇಲೆ ಗುರುಶಿದ್ದಪ್ಪ ಮಾಲತೇಶನ ಹೆಗಲ ಮೇಲೆ ಕೈಯಿಟ್ಟು, ತಿದ್ದುವ ಕೀಲಿಯನ್ನು ಅವನ ಕಿಸೆಗೆ ಇಳಿಬಿಟ್ಟರು.

“ನಾಳೆ ರವಿವಾರ ಐತಿ, ಗದ್ದಲ ಇರೂದಿಲ್ಲ. ಬಂದು ನಲವತ್ತೆರಡಕ್ಕೂ ಬರದುಬಿಡು,” ಎಂದರು. “ಸ್ವಲ್ಪ ಛಲೋತ್ನಂಗ ಬರಿ ಮಾಲತೇಶ, ಕೆಳಗ ನನ್ನ ಹೆಸರಿರತೈತಿ.”